ಒದ್ದೆ ಕಾಗದದ ತೂಕ

ನಾನು ಕೆಲಸ ಮಾಡುವುದು ರದ್ದಿ ಕಾಗದದ ಕಂಪೆನಿಯಲ್ಲಿ. ಊರಿನಲ್ಲಿ ಯಾರಾದರೂ ವಿಚಾರಿಸಿದರೆ ಅಮ್ಮ 'ಮಸ್ಕತ್ತಿನಲ್ಲಿ ಆಫೀಸ್ ಕೆಲಸ' ಎಂದು ಹೇಳಿ ಮಾತು ಬದಲಾಯಿಸುತ್ತಾಳೆ. ಗುಜರಿ ಎಂಬ ಶಬ್ದ ಅವಳ ಬಾಯಿಂದ ಇದುವರೆಗೆ ಹೊರಟಿಲ್ಲ. ನನಗೇನೂ ಸಂಕೋಚವಿಲ್ಲ. ಅಲ್ ಅಜೈಬಾದ ನಮ್ಮ ಫ್ಲಾಟಿನಿಂದ ಯಾರ್ಡಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ಆಫೀಸೆಂದರೆ ಯಾರ್ಡಿನ ಮೂಲೆಯಲ್ಲಿ ನಿಲ್ಲಿಸಿದ ಒಂದು ತಗಡಿನ ಕ್ಯಾಬಿನ್, ಅದಕ್ಕೊಂದು ಕಿಟಕಿ. ಕಿಟಕಿಯ ಆಚೆ ದಿನವಿಡೀ ಕಾಣುವುದು ರಟ್ಟಿನ ಪೆಟ್ಟಿಗೆಗಳ ರಾಶಿ.

ಈ ದೇಶದಲ್ಲಿ ಕಾಗದ ಹುಟ್ಟುವುದು ಕಡಿಮೆ, ಹಡಗಿನಲ್ಲಿ ಬಂದು ಇಳಿಯುವುದು ಜಾಸ್ತಿ. ಸೇಬು, ಟಿವಿ, ಡಯಾಪರ್, ಬಾಳೆಹಣ್ಣು, ಎಲ್ಲದರ ಹೊರಮೈಯೂ ರಟ್ಟು. ಸೂಪರ್ ಮಾರ್ಕೆಟ್‌ನವರು ಅದನ್ನು ಹಿಂದಿನ ಬಾಗಿಲಲ್ಲಿ ಬಿಸಾಡುತ್ತಾರೆ, ನಮ್ಮ ಲಾರಿ ಹೋಗಿ ತರುತ್ತದೆ. ಯಾರ್ಡಿನಲ್ಲಿ ಪ್ಲಾಸ್ಟಿಕ್ಕು, ಥರ್ಮೋಕೋಲು ಆರಿಸಿ ತೆಗೆದು, ಉಳಿದದ್ದನ್ನು ಯಂತ್ರಕ್ಕೆ ಹಾಕಿ ಒತ್ತಿ, ತಂತಿ ಬಿಗಿದರೆ ಒಂದು ಬೇಲು. ಬೇಲುಗಳು ಕಂಟೇನರು ಹತ್ತಿ ಇಂಡಿಯಾದ ಕಾಗದದ ಮಿಲ್ಲಿಗೆ ಹೋಗುತ್ತವೆ. ಬೇಲುಗಳ ತೂಕದ ಚೀಟಿಯನ್ನು ಕಂಪ್ಯೂಟರಿಗೆ ಹಾಕುವುದು, ತಿಂಗಳ ಕೊನೆಗೆ ಒಟ್ಟು ಟನ್ನಿನ ಪಟ್ಟಿ ಮಾಡಿ ಕೆಳಗೆ ಸಹಿ ಹಾಕುವುದು ನನ್ನ ಕೆಲಸ. ಆ ಸಹಿಯ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನಾನು ಸೇರಿದ ಕಾಲದಲ್ಲಿದ್ದ ಫೋರ್‌ಮನ್ ಬೇಲು ಕಟ್ಟುವ ಮೊದಲು ರಾಶಿಗೆ ಪೈಪು ಹಿಡಿದು ನೀರು ಬಿಡುತ್ತಿದ್ದ. ಧೂಳು ಏಳದಿರಲಿ ಎಂದು ಹೇಳುತ್ತಿದ್ದ. ಧೂಳಿಗೆ ಅಷ್ಟು ನೀರು ಬೇಡವೆಂಬುದು ನನಗೂ ಗೊತ್ತಿತ್ತು. ರಟ್ಟು ನೀರು ಕುಡಿಯುತ್ತದೆ, ತೂಕ ಏರುತ್ತದೆ, ತಿಂಗಳ ಪಟ್ಟಿ ದಪ್ಪವಾಗುತ್ತದೆ. ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಪಟ್ಟಿ ಮಾಡಿ ಸಹಿ ಹಾಕುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ವರ್ಷ ಹಾಗೇ ಹೋಯಿತು, ಆಮೇಲೆ ಅವನು ಬೇರೆ ಕಡೆ ಕೆಲಸ ಹುಡುಕಿಕೊಂಡ.

ಅವನ ಜಾಗಕ್ಕೆ ಬಂದವರು ನಮ್ಮ ಮಂಗಳೂರು ಕಡೆಯವರೇ, ಕಡಲ ಬದಿಯ ಬ್ಯಾರಿ ಮುಸ್ಲಿಮರು. ಊರಿನಲ್ಲಿ ಅವರ ತಂದೆಯದು ಗುಜರಿ ಅಂಗಡಿ. ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಮೊದಲು ಇಲ್ಲಿಯ ಹಳೆಯ ಪೇಟೆ ಮತ್ರಾದ ಒಂದು ಗಲ್ಲಿಯಲ್ಲಿ ಬಟ್ಟೆ ಅಂಗಡಿ, ಆಮೇಲೆ ಗೋದಾಮು, ಕೊನೆಗೆ ಮತ್ತೆ ರದ್ದಿಯೇ. ನನ್ನೊಡನೆ ಅರ್ಧ ತುಳು, ಅರ್ಧ ಕನ್ನಡ. ಕೆಲಸದವರೊಡನೆ ಹಿಂದಿ. ಮನೆಗೆ ಫೋನು ಮಾಡಿದರೆ ಬ್ಯಾರಿ ಭಾಷೆ. ಹೆಂಡತಿ ಮತ್ತು ಒಬ್ಬಳೇ ಮಗಳು ಇಲ್ಲೇ ಇದ್ದರು. ಹುಡುಗಿ ನನ್ನ ಮಗ ಓದುವ ಇಂಡಿಯನ್ ಸ್ಕೂಲಿನಲ್ಲೇ ದೊಡ್ಡ ತರಗತಿಯಲ್ಲಿದ್ದಳು. ಅವಳ ಅಂಕದ ವಿಷಯ ಬಂದರೆ ಆ ಮನುಷ್ಯನ ಮಾತು ನಿಲ್ಲುತ್ತಿರಲಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗುತ್ತಾಳಂತೆ ಎಂದು ದಿನಕ್ಕೊಮ್ಮೆಯಾದರೂ ಹೇಳಬೇಕು. 'ಗುಜರಿಯವನ ಮಗಳು ಸಿ.ಎ. ಆದರೆ ನೀವು ಅವಳ ಕೈಕೆಳಗೆ ಕೆಲಸ ಮಾಡಬೇಕು, ಈಗಲೇ ಹೇಳಿದ್ದೇನೆ' ಎಂದು ನನ್ನನ್ನು ಚುಡಾಯಿಸುತ್ತಿದ್ದರು.

ಬಂದ ಮೊದಲ ದಿನವೇ ಅವರು ಪೈಪನ್ನು ಸುತ್ತಿ ಒಳಗಿಟ್ಟರು. ತಂದೆಯ ಅಂಗಡಿಯಲ್ಲಿ ಒದ್ದೆ ಪೇಪರು ತೂಕಕ್ಕೆ ಹಾಕಿದರೆ ಕೆನ್ನೆಗೆ ಬೀಳುತ್ತಿತ್ತಂತೆ. ಅಷ್ಟಕ್ಕೇ ಬಿಡಲಿಲ್ಲ. ತರಕಾರಿ ಮಾರುಕಟ್ಟೆಯಿಂದ ಬರುವ ಪೆಟ್ಟಿಗೆಗಳು ಮಂಜುಗಡ್ಡೆಯ ನೀರಿನಲ್ಲಿ ನೆನೆದು ಬರುತ್ತವೆ. ಅವನ್ನು ಬಿಚ್ಚಿ ಅಗಲ ಮಾಡಿ, ಯಾರ್ಡಿನ ಸಿಮೆಂಟು ನೆಲದ ಮೇಲೆ ಸಾಲಾಗಿ ಹರವಿಸಿ, ಅರ್ಧ ಗಂಟೆ ಬಿಟ್ಟು ಮಗುಚಿ ಹಾಕಿಸುತ್ತಿದ್ದರು. ಊರಿನ ಅಂಗಳದಲ್ಲಿ ಹಪ್ಪಳ ಒಣಗಿಸುವ ಹಾಗೆ. ಕಾಗೆ ಓಡಿಸಲಿಕ್ಕೆ ಅಜ್ಜಿಯೊಬ್ಬರನ್ನು ಕೂರಿಸಿ ಎಂದು ನಾನು ತಮಾಷೆ ಮಾಡಿದ್ದೆ. ಮಸ್ಕತ್ತಿನ ಬಿಸಿಲಿಗೆ ಅಜ್ಜಿಯೂ ಒಣಗಿಯಾರು ಎಂದರು. ಅವರು ಕಟ್ಟಿಸಿದ ಬೇಲನ್ನು ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತಿತ್ತು. ಮಿಲ್ಲಿನವರು ಬೇಲಿಗೆ ಕಡ್ಡಿ ಚುಚ್ಚಿ ತೇವ ನೋಡುತ್ತಾರೆ. ಈ ಫೋರ್‌ಮನ್ ಇದ್ದಷ್ಟು ಕಾಲ ಒಂದು ಕಂಟೇನರಿನ ಬಗ್ಗೆಯೂ ದೂರು ಬರಲಿಲ್ಲ.

ಆದರೆ ತೂಕ ಇಳಿಯಿತು, ಇಳಿಯಲೇಬೇಕಿತ್ತು. ಆಮೇಲಿನ ಮೂರು ವರ್ಷದಲ್ಲಿ ಲಾರಿಗಳು ಹೆಚ್ಚಾದವು, ಅಂಗಡಿಗಳು ಹೆಚ್ಚಾದವು, ಬರುವ ರಟ್ಟು ಹೆಚ್ಚಾಯಿತು. ಪಟ್ಟಿಯ ಕೊನೆಯಲ್ಲಿ ಬರುವ ಟನ್ನು ಮಾತ್ರ, ಇಳಿದಲ್ಲಿಂದ ಏರಿ, ಹೆಚ್ಚು ಕಡಿಮೆ ಮೊದಲಿನಷ್ಟಕ್ಕೇ ಬಂದು ನಿಂತಿತು. ನೀರು ಹೋದ ಜಾಗವನ್ನು ಕಾಗದ ತುಂಬಿತ್ತು, ಅಷ್ಟೆ. ಇದು ತಿಳಿದಿದ್ದವರು ಇಬ್ಬರು, ಅವರು ಮತ್ತು ನಾನು.

ಆ ವರ್ಷ ಸೆಪ್ಟೆಂಬರಿನಲ್ಲಿ ಮ್ಯಾನೇಜರು ನನ್ನನ್ನು ಕರೆದರು. ಉತ್ತರದ ಕಡೆಯವರು, ಕಂಪೆನಿಗೆ ಬಂದು ಒಂದು ವರ್ಷವಾಗಿತ್ತು. ನಮ್ಮ ಮಾಲೀಕರಿಗೆ ಇಂಡಿಯಾದಲ್ಲೂ ಒಂದು ಯಾರ್ಡಿದೆ. ಒಮಾನ್ ಮತ್ತು ಇಂಡಿಯಾ, ಈ ಎರಡು ದೇಶಗಳಲ್ಲಿ ರದ್ದಿಯಿಂದ ಮರಳಿ ಸಿಗುವ ಕಾಗದ ವರ್ಷವರ್ಷಕ್ಕೆ ಎಷ್ಟು ಬೆಳೆದಿದೆ, ನಮ್ಮ ಎರಡು ಯಾರ್ಡುಗಳು ಅದರ ಜೊತೆ ಎಷ್ಟು ಬೆಳೆದಿವೆ, ಒಂದು ಹೋಲಿಕೆ ಬೇಕಂತೆ. ವಾರ್ಷಿಕ ಮೀಟಿಂಗಿಗೆ ಒಂದೇ ಪುಟದ ಗ್ರಾಫು.

ನನಗೆ ಖುಷಿಯೇ ಆಯಿತು. ಐದು ವರ್ಷ ಚೀಟಿ ತುಂಬಿಸಿದವಳಿಗೆ ಯಾರೋ ತಲೆ ಉಪಯೋಗಿಸುವ ಕೆಲಸ ಕೊಟ್ಟಿದ್ದರು. ಇಂಟರ್‌ನೆಟ್ಟಿನಲ್ಲಿ ದೇಶದೇಶಗಳ ಕೋಷ್ಟಕ ಹುಡುಕಿದೆ. ಒಂದು ವಾರ ಅದರಲ್ಲೇ ಮುಳುಗಿದೆ, ಮಗನಿಗೆ ಡಬ್ಬಿಗೆ ಬ್ರೆಡ್ಡೇ ಗತಿಯಾಯಿತು. ಓದುತ್ತಾ ಹೋದ ಹಾಗೆ ಈ ಹೋಲಿಕೆ ಎಷ್ಟು ಅಡ್ಡಾದಿಡ್ಡಿ ಎಂದು ಅನಿಸತೊಡಗಿತ್ತು. ಊರಿನಲ್ಲಿ ಒಂದು ಪತ್ರಿಕೆ ಓದಿ ಮುಗಿದ ಮೇಲೆ ಕಪಾಟಿಗೆ ಹಾಸಿಗೆಯಾಗುತ್ತದೆ, ಮೀನಿಗೆ ಸುತ್ತುತ್ತದೆ, ಪಠ್ಯಪುಸ್ತಕಕ್ಕೆ ಬೈಂಡಾಗುತ್ತದೆ, ಕಡಲೆಯ ಪೊಟ್ಟಣವಾಗುತ್ತದೆ. ಇಷ್ಟು ಸಲ ಬಳಕೆಯಾದದ್ದು ಯಾವ ಕೋಷ್ಟಕಕ್ಕೂ ಸೇರುವುದಿಲ್ಲ. ಇಲ್ಲಿ ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಮುಗಿಯಿತು, ನೇರ ನಮ್ಮ ಲಾರಿಗೆ. ಎರಡನ್ನೂ ಒಂದೇ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರೆ ಏನು ತಿಳಿದೀತು? ಆದರೆ ಕೇಳಿದ್ದು ಗೆರೆ, ನನ್ನ ತತ್ತ್ವವಲ್ಲ.

ಇಂಡಿಯಾಕ್ಕೆ ಕೆಂಪು, ಒಮಾನಿಗೆ ನೀಲಿ; ದೇಶಕ್ಕೊಂದು, ಅಲ್ಲಿಯ ಯಾರ್ಡಿಗೊಂದು, ಒಟ್ಟು ನಾಲ್ಕು ಗೆರೆ. ಬೆಳವಣಿಗೆ ತೋರಿಸಬೇಕಾದರೆ ಯಾವುದೋ ಒಂದು ವರ್ಷವನ್ನು ಮೊದಲ ಮೆಟ್ಟಿಲು ಮಾಡಿಕೊಂಡು ಅಲ್ಲಿಂದ ಎಣಿಸಬೇಕು. ನನ್ನ ಕಂಪ್ಯೂಟರಿನಲ್ಲಿ ಲೆಕ್ಕ ಶುರುವಾಗುವುದು ನಾನು ಸೇರಿದ ವರ್ಷದಿಂದ, ಅಂದರೆ ಪೈಪಿನ ನೀರಿನ ವರ್ಷದಿಂದ. ಅದನ್ನೇ ಇಟ್ಟೆ. ಉಳಿದ ಮೂರು ಗೆರೆಗಳು ಮೇಲೇರಿದವು. ನಮ್ಮ ಯಾರ್ಡಿನ ಗೆರೆ ಮಾತ್ರ ನಡುವೆ ತಗ್ಗಿ, ಹೊರಟ ಎತ್ತರಕ್ಕೇ ಮರಳಿ, ಚಾಪೆ ಹಾಸಿ ಮಲಗಿದ ಹಾಗೆ ಅಡ್ಡ ಬಿದ್ದಿತ್ತು.

ಮೂರನೆಯ ವರ್ಷವನ್ನು ಮೊದಲ ಮೆಟ್ಟಿಲು ಮಾಡಿದರೆ ಎಲ್ಲವೂ ಒಣ ಬೇಲೇ, ನಮ್ಮ ಗೆರೆ ಎಲ್ಲರಿಗಿಂತ ಚೆನ್ನಾಗಿ ಏರುತ್ತಿತ್ತು. ಪ್ರಯತ್ನಿಸಿಯೂ ನೋಡಿದೆ. ಇಲ್ಲವಾದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆಯಬಹುದಿತ್ತು: ಮೊದಲ ಎರಡು ವರ್ಷದ ತೂಕದಲ್ಲಿ ನೀರು ಸೇರಿದೆ. ಆದರೆ ಹಾಗೆ ಬರೆದರೆ ಆ ಎರಡು ವರ್ಷದ ಪಟ್ಟಿಗೆ ಸಹಿ ಹಾಕಿದವಳು ಯಾರು ಎಂದು ಕೇಳುತ್ತಾರೆ. ಗೊತ್ತಿದ್ದೂ ಹಾಕಿದೆಯಾ ಎಂದು ಕೇಳುತ್ತಾರೆ. ನನ್ನ ಗಂಡನ ಕಂಪೆನಿಯಲ್ಲಿ ಆಗ ಜನ ತೆಗೆಯುತ್ತಿದ್ದರು. ನನ್ನ ಕೆಲಸವೂ ಹೋದರೆ ಎಂದು ಹೆದರಿದೆ. ಗೆರೆ ಮಲಗಿದ್ದರೆ ಮಲಗಲಿ, ಯಾರಿಗೇನು ನಷ್ಟ ಎಂದುಕೊಂಡು ಹಾಗೇ ಕಳಿಸಿದೆ.

ಯಾರಿಗೇನು ನಷ್ಟ ಎಂಬುದು ಹತ್ತು ದಿನದಲ್ಲಿ ಗೊತ್ತಾಯಿತು. ಮೀಟಿಂಗಿನಲ್ಲಿ ಮಾಲೀಕರು ಆ ಪುಟವನ್ನೇ ಹಿಡಿದು ಕೂತರಂತೆ. ಇಡೀ ದೇಶ ಬೆಳೆಯುತ್ತಿರುವಾಗ ನಮ್ಮ ಯಾರ್ಡಿಗೆ ಏನು ರೋಗ? ಫೋರ್‌ಮನ್ ಅಲ್ಲಿ ಏನು ಮಾಡುತ್ತಿದ್ದಾನೆ? ಇಂಡಿಯಾದ ಯಾರ್ಡಿನಲ್ಲಿ ಚುರುಕಾದ ಒಬ್ಬ ಫೋರ್‌ಮನ್ ಇದ್ದಾನೆ, ಅವನನ್ನು ತರಿಸಿ ಎಂದರಂತೆ. ಫೋರ್‌ಮನ್ ಹುದ್ದೆಗೆ ಕಂಪೆನಿಯ ಬಳಿ ಇದ್ದದ್ದು ಒಂದೇ ವೀಸಾ. ಹೊಸಬ ಬರಬೇಕಾದರೆ ಇದ್ದವರದ್ದು ರದ್ದಾಗಬೇಕು. ಅವರದ್ದು ರದ್ದಾದರೆ ಹೆಂಡತಿಯದ್ದೂ ಮಗಳದ್ದೂ ರದ್ದು. ನೋಟಿಸಿನ ಅವಧಿ ಮುಗಿದರೆ ಖಲಾಸ್ ಎಂದು ಮ್ಯಾನೇಜರು ನನಗೆ ಹೇಳಿ, ಪತ್ರ ಟೈಪು ಮಾಡಿಸಿದರು. ಆ ಪತ್ರವನ್ನೂ ನಾನೇ ಟೈಪು ಮಾಡಿದೆ, ಯಾರ್ಡಿನ ತೂಕ ಬೆಳೆದಿಲ್ಲ ಎಂಬ ಕಾರಣದ ಸಮೇತ.

ಹುಡುಗಿ ಹನ್ನೆರಡನೆಯ ತರಗತಿಯಲ್ಲಿದ್ದಳು. ಬೋರ್ಡು ಪರೀಕ್ಷೆಗೆ ಹೆಸರು ನೋಂದಣಿಯಾಗಿತ್ತು, ಇಲ್ಲಿಯ ಸ್ಕೂಲಿನಿಂದ. ವರ್ಷದ ನಡುವೆ ಊರಿಗೆ ಹೋದರೆ ಅಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ಮಾರ್ಚ್ ತನಕ, ಪರೀಕ್ಷೆ ಮುಗಿಯುವ ತನಕ ಇಲ್ಲಿ ನಿಲ್ಲಲು ಬಿಟ್ಟರೆ ಸಾಕು. ವೀಸಾ ಕೊಡುವ ಬೇರೆ ಯಜಮಾನ, ಇಲ್ಲಿಯ ಮಾತಿನಲ್ಲಿ ಕಫೀಲ್, ಯಾರಾದರೂ ಸಿಗುತ್ತಾರೋ ಎಂದು ಅವರು ಮತ್ರಾದ ಹಳೆಯ ಪರಿಚಯದವರನ್ನೆಲ್ಲ ಕಂಡು ಬಂದರು. ಆ ವಯಸ್ಸಿನವರನ್ನು ಅಷ್ಟು ಅವಸರದಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ಕೊನೆಗೆ ಮಾಲೀಕರಿಗೇ ಒಂದು ಅರ್ಜಿ ಕೊಡುವುದೆಂದು ತೀರ್ಮಾನಿಸಿದರು.

ಅರ್ಜಿ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು.

'ನಿಮ್ಮ ಇಂಗ್ಲಿಷು ಚಂದ ಉಂಟು ಮೇಡಂ. ಎಂತ ಬರೀಬೇಕು ಅಂತ ನನಗಿಂತ ನಿಮಗೆ ಗೊತ್ತು' ಎಂದರು.

ಬರೆದೆ. ಎರಡು ಸಂಜೆ ಕೂತು ಬರೆದೆ. ಅಂತಹ ಅರ್ಜಿಯನ್ನು ನಾನು ಹಿಂದೆ ಬರೆದಿಲ್ಲ, ಮುಂದೆಯೂ ಬರೆಯಲಾರೆ. ಅವರ ವರ್ಷಗಟ್ಟಲೆಯ ದುಡಿತ, ಒಂದು ದಿನವೂ ತಪ್ಪಿಸದ ಹಾಜರಿ, ಮಗಳ ಹತ್ತನೆಯ ತರಗತಿಯ ಅಂಕ, ಕೇಳುವುದು ಕೆಲವೇ ತಿಂಗಳು ಎಂಬ ವಿನಯ, ಎಲ್ಲವನ್ನೂ ಹಾಕಿದೆ. ಓದಿದರೆ ಕಲ್ಲು ಕರಗಬೇಕು, ಹಾಗಿತ್ತು. ಗೆರೆ ಏಕೆ ಮಲಗಿತು ಎಂಬ ಒಂದು ಸಂಗತಿಯನ್ನು ಬಿಟ್ಟು ಬೇರೆಲ್ಲವೂ ಅದರಲ್ಲಿತ್ತು.

ಗುರುವಾರ ಮಧ್ಯಾಹ್ನ ಅವರು ಮಗಳನ್ನು ಕರೆದುಕೊಂಡು ಕ್ಯಾಬಿನಿಗೆ ಬಂದರು. ಸ್ಕೂಲಿನ ಯೂನಿಫಾರ್ಮಿನಲ್ಲೇ ಇದ್ದಳು. ನೋಡಲು ತಂದೆಯ ಹಾಗೆ, ಹಣೆ ಅಗಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರಿಗೆ ಇಂಗ್ಲಿಷು ಓದಲು ಬಾರದು, ಅದಕ್ಕೇ ಅವಳ ಕೈಗೆ ಅರ್ಜಿ ಕೊಟ್ಟು ಓದಿ ಹೇಳು ಎಂದರು. ಅವಳು ಒಂದು ಸಲ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

'ಆಂಟಿ, ವಾಟರ್ ವಿಷಯ ಬರೆದೇ ಇಲ್ಲ. ಮೊದಲಿನ ವೇಯ್ಟ್‌ನಲ್ಲಿ ವಾಟರ್ ಇತ್ತಲ್ಲಾ? ಪಪ್ಪಾ ಹೇಳಿದ್ರು. ಅದನ್ನು ಹಾಕದಿದ್ರೆ ಪಪ್ಪಾನೇ ಕೆಲಸ ಸರಿ ಮಾಡ್ಲಿಲ್ಲ ಅಂತ ಆಗ್ತದೆ.'

ಹದಿನೇಳು ವರ್ಷದ ಹುಡುಗಿಗೆ ಒಂದು ನಿಮಿಷದಲ್ಲಿ ಕಂಡದ್ದು ಅದು. ನಾನು ಏನು ಹೇಳಿದೆ ಎಂಬುದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಅರ್ಜಿಯಲ್ಲಿ ಹಳೆಯ ದೂರುಗಳನ್ನು ಎತ್ತಬಾರದು ಮಗಾ, ದೊಡ್ಡವರಿಗೆ ಸಿಟ್ಟು ಬರುತ್ತದೆ, ಆಗುವ ಕೆಲಸವೂ ಕೆಡುತ್ತದೆ ಎಂದೆ. ಸಲೀಸಾಗಿ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ, ಇಂಗ್ಲಿಷಿನಲ್ಲಿ ಮತ್ತೇನೋ ಕೇಳಲು ಹೊರಟಳು. ಆಗ ತಂದೆ ಅವಳ ಹೆಗಲು ಮುಟ್ಟಿ ಬ್ಯಾರಿಯಲ್ಲಿ ಎರಡು ಮಾತು ಹೇಳಿದರು. ನನಗೆ ಆ ಭಾಷೆ ಪೂರ್ತಿ ಬರುವುದಿಲ್ಲ. ಮೇಡಮ್ಮಿಗೆ ತಿಳಿಯುತ್ತದೆ, ಅವರು ನಮ್ಮ ಒಳ್ಳೆಯದಕ್ಕೇ ಬರೆದಿರುತ್ತಾರೆ ಎಂಬಷ್ಟು ಅರ್ಥವಾಯಿತು. ಹುಡುಗಿ ಅರ್ಜಿಯನ್ನು ಮಡಚಿ ಲಕೋಟೆಗೆ ಹಾಕಿದಳು. ಹೋಗುವಾಗ ಥ್ಯಾಂಕ್ಯೂ ಆಂಟಿ ಎಂದಳು.

ನಾನು ಆ ಲಕೋಟೆಯನ್ನು ಕಸಿದುಕೊಳ್ಳಬಹುದಿತ್ತು. ಇನ್ನೊಂದು ಪ್ರಿಂಟು ತೆಗೆಯಲು ಎಷ್ಟು ಹೊತ್ತು? ಕ್ಯಾಬಿನಿನಲ್ಲಿ ಪ್ರಿಂಟರು ಇತ್ತು, ಕಾಗದ ಇತ್ತು. ಅವರ ಕಾರು ಗೇಟು ದಾಟುವ ತನಕ ಕಿಟಕಿಯಲ್ಲಿ ನಿಂತು ನೋಡಿದೆ.

ಅರ್ಜಿಗೆ ಒಂದು ಸಾಲಿನ ಉತ್ತರ ಬಂತು: ವಿಷಾದವಿದೆ, ಸಾಧ್ಯವಿಲ್ಲ. ನವೆಂಬರಿನ ಕೊನೆಗೆ ಮೂವರೂ ಹೊರಟರು. ಮನೆಯ ಸಾಮಾನು ಮಾರಿದ್ದು, ಕಾರು ಮಾರಿದ್ದು, ಎಲ್ಲ ಎರಡು ವಾರದಲ್ಲಿ. ನಮ್ಮ ಯಾರ್ಡಿನಿಂದಲೇ ಒಳ್ಳೆಯ ಪೆಟ್ಟಿಗೆಗಳನ್ನು ಆರಿಸಿ ಕೊಂಡುಹೋಗಿ, ಹುಡುಗಿಯ ಪುಸ್ತಕಗಳನ್ನು ಅದರಲ್ಲಿ ತುಂಬಿದರಂತೆ. ಬೀಳ್ಕೊಡಲು ನಾನು ಹೋಗಲಿಲ್ಲ, ಮಗನಿಗೆ ಜ್ವರ ಎಂದು ಸಬೂಬು ಹೇಳಿದೆ. ಮಗ ಪಕ್ಕದಲ್ಲೇ ಕೂತಿದ್ದ. 'ಬಟ್ ಐ ಡೋಂಟ್ ಹ್ಯಾವ್ ಫೀವರ್' ಎಂದ. ಅವನನ್ನು ಗದರಿಸಿದೆ.

ಫೆಬ್ರವರಿಯಲ್ಲಿ ಪರೀಕ್ಷೆ ಶುರುವಾದ ದಿನ ಮಗನನ್ನು ಸ್ಕೂಲಿಗೆ ಬಿಡಲು ಹೋಗಿದ್ದೆ. ದೊಡ್ಡ ತರಗತಿಯ ಮಕ್ಕಳು ಪಾರದರ್ಶಕ ಪೌಚು ಹಿಡಿದು ಸಾಲಾಗಿ ಒಳಗೆ ಹೋಗುತ್ತಿದ್ದರು. ಕಾರಿನಿಂದ ಇಳಿಯಲು ಆಗಲಿಲ್ಲ. ಮಗಳನ್ನು ವಿಸಿಟ್ ವೀಸಾದಲ್ಲಿ ಕರೆತಂದು ಪರೀಕ್ಷೆ ಬರೆಸುವ ಯೋಚನೆ ಅವರಿಗಿತ್ತೆಂದು ಕೇಳಿದ್ದೆ. ಎರಡು ಟಿಕೆಟ್ಟು, ಇಲ್ಲಿ ಒಂದೂವರೆ ತಿಂಗಳ ವಾಸ, ಅದು ಆಗುವ ಮಾತಲ್ಲ. ಹುಡುಗಿ ಮಂಗಳೂರಿನ ಒಂದು ಬಟ್ಟೆ ಮಳಿಗೆಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದ್ದಾಳೆಂದು ಆಮೇಲೆ ಯಾರೋ ಹೇಳಿದರು. ಒಂದು ವರ್ಷ ಕಳೆದು ಬರೆಯುತ್ತಾಳಂತೆ. ಆ ಒಂದು ವರ್ಷವೂ ಕಳೆಯಿತು, ಬರೆಯಲಿಲ್ಲ.

ಹೊಸ ಫೋರ್‌ಮನ್ ಚುರುಕಾಗಿಯೇ ಇದ್ದ. ಬಂದ ವಾರದಲ್ಲೇ ಪೈಪು ಹೊರಗೆ ಬಂತು. ಮುಂದಿನ ಮೀಟಿಂಗಿಗೆ ಮತ್ತೆ ಅದೇ ಹೋಲಿಕೆ ಮಾಡಿದೆ. ನಮ್ಮ ನೀಲಿ ಗೆರೆ ಕೆಂಪನ್ನು ದಾಟಿ ಮೇಲೆ ಹೋಯಿತು. ಮಾಲೀಕರು ನನ್ನ ಗ್ರಾಫನ್ನು ಹೊಗಳಿದರೆಂದು ಮ್ಯಾನೇಜರು ಹೇಳಿ ಹೋದರು. ಊಟದ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿಟ್ಟೆ.

ಕಳೆದ ಬೇಸಿಗೆಯಲ್ಲಿ ಮಿಲ್ಲಿನವರು ನಾಲ್ಕು ಕಂಟೇನರುಗಳನ್ನು ತಿರಸ್ಕರಿಸಿದರು. ಬೇಲಿನ ಒಳಗೆ ಬೂಷ್ಟು ಹಿಡಿದು ಕಪ್ಪಾಗಿತ್ತಂತೆ, ಫೋಟೋ ಕಳಿಸಿದ್ದರು. ಮ್ಯಾನೇಜರು ಆ ಫೋಟೋಗಳನ್ನು ನನ್ನ ಮೇಜಿನ ಮೇಲೆ ಹರಡಿ, ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಎಂದು ಕೇಳಿದರು. ಆಗ ಹೇಳಿದೆ. ಪೈಪು, ಮೊದಲ ಎರಡು ವರ್ಷ, ನನ್ನ ಸಹಿ, ಒಣಗಿಸಿದ ಮೂರು ವರ್ಷ, ಮಲಗಿದ ಗೆರೆ, ಒಂದೂ ಬಿಡದೆ ಹೇಳಿದೆ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿಕೊಂಡಿದ್ದೆ.

ಅವರು ಕುರ್ಚಿ ಎಳೆದು ಕೂತರು. ಸಿಟ್ಟಾಗಲಿಲ್ಲ. ನೀರು ಹಾಕಿದವನು ಫೋರ್‌ಮನ್, ನೀವು ತೂಕದ ಕಾಟಾ ತೋರಿಸಿದ್ದನ್ನು ಬರೆದವರು, ನಿಮ್ಮನ್ನು ಯಾರು ಏನು ಮಾಡುತ್ತಿದ್ದರು ಎಂದರು. ಗ್ರಾಫಿನ ಕೆಳಗೆ ಒಂದು ಸಾಲು ಇದ್ದಿದ್ದರೆ ಸಾಕಿತ್ತಂತೆ. ಬೇಲು ಒಣಗಿಸಿದ ಆ ಮನುಷ್ಯನನ್ನು ಮಾಲೀಕರೇ ಬಿಡುತ್ತಿರಲಿಲ್ಲ, ಒಣ ಬೇಲಿಗೆ ಮಿಲ್ಲಿನಲ್ಲಿ ಎಷ್ಟು ಬೇಡಿಕೆಯಿದೆ ಎಂದು ಅವರಿಗೆ ಗೊತ್ತಿಲ್ಲವೇ ಎಂದರು. ಆಮೇಲೆ, ಈಗಲಾದರೂ ಫೋನು ಮಾಡಿ ಕೇಳಿ, ಬರುವುದಾದರೆ ಈಗಿನವನನ್ನು ಹಿಂದಕ್ಕೆ ಕಳಿಸಿ ವೀಸಾ ಹಾಕಿಸೋಣ ಎಂದು ಎದ್ದು ಹೋದರು.

ನಾನು ಎರಡು ವರ್ಷ ಹೆದರಿದ್ದ ಸಂಗತಿ ಎಲ್ಲಿಯೂ ಇರಲೇ ಇಲ್ಲ. ಬೈಗುಳ ತಿಂದು ಕೆಲಸ ಕಳೆದುಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು, ಮೇಡಂ ಸೌಖ್ಯವಾ, ಮಗ ಎಷ್ಟನೇ ಕ್ಲಾಸು ಎಂದೆಲ್ಲ ಕೇಳಿದರು. ವೀಸಾದ ವಿಷಯ ಹೇಳಿದೆ. ಏಕಾಏಕಿ ಹೇಗೆ ಎಂದು ಕೇಳಿದಾಗ ಉಳಿದದ್ದನ್ನೂ ಹೇಳಿದೆ. ನಾನು ಬರೆಯದೆ ಬಿಟ್ಟ ಸಾಲು, ಬಿಟ್ಟದ್ದು ಯಾಕೆ, ಮ್ಯಾನೇಜರು ಇವತ್ತು ಏನು ಹೇಳಿದರು, ಎಲ್ಲ. ಲೈನು ಕಡಿಯಿತೇನೋ ಎಂದು ನಾನು ಹಲೋ ಎಂದೆ.

'ಉಂಟು, ಇದ್ದೇನೆ' ಎಂದರು. 'ಬರ್ತೇನೆ ಮೇಡಂ. ಕೆಲಸ ಬೇಕು, ಬರದೆ ಎಂತ ಮಾಡುದು. ಒಂದು ಮಾತು. ಒಂದು ಸಾಲು ಬರೆದಿದ್ರೆ ಸಾಕಿತ್ತು ಅಂತ ಮಗಳಿಗೆ ಗೊತ್ತಾಗುದು ಬೇಡ. ಅವಳು ಅವತ್ತು ಕೇಳಿದ್ದಳು. ನಾನೇ ಸುಮ್ಮನಿರು ಅಂತ ಹೇಳಿದ್ದು.'

ಹೇಳುವುದಿಲ್ಲ ಎಂದೆ. ಅಷ್ಟರಲ್ಲಿ ಆ ಕಡೆ ಬಾಗಿಲು ತೆರೆದ ಸದ್ದಾಯಿತು, ಮಗಳು ಮಳಿಗೆಯಿಂದ ಬಂದಿರಬೇಕು. ಯಾರು ಪಪ್ಪಾ ಎಂದು ಅವಳ ದನಿ ಕೇಳಿಸಿತು. ಯಾರೂ ಇಲ್ಲ ಮಗಾ, ಆಫೀಸಿನವರು ಎಂದು ಹೇಳಿ ಅವರು ಫೋನಿಟ್ಟರು.